ಅಕ್ಕೋರು ಆರಿಸಿದ ಸೈಕಲ್ಲು

ನಮ್ಮ ವಾಡೆಯ ದೊಡ್ಡ ಬಾಗಿಲು ದಾಟಿ ಒಳಗೆ ಬಂದರೆ ಎಡಗಡೆಯ ಗೋಡೆಯ ಮೇಲೆ ಸೊಂಟದ ಎತ್ತರದಲ್ಲಿ ಒಂದು ಕರಿ ಗೆರೆ ಕಾಣುತ್ತದೆ. ಸೈಕಲ್ಲಿನ ಹ್ಯಾಂಡಲ್ಲು ದಿನಾ ತಾಗಿ ತಾಗಿ ಆದ ಗುರುತು. ದೀಪಾವಳಿಗೆ ಅಪ್ಪ ಸುಣ್ಣ ಹೊಡೆಸಿದ. ಹಬ್ಬ ಮುಗಿಯುವಷ್ಟರಲ್ಲಿ ಗೆರೆ ಮತ್ತೆ ಹಾಜರು. ಆ ಸೈಕಲ್ಲು ಹೋದ ತಿಂಗಳು ಅಕ್ಕೋರ ಜೊತೆ ಸೊಲ್ಲಾಪುರದ ರೈಲು ಹತ್ತಿತು. ಖಾಲಿ ಜಾಗದಲ್ಲಿ ಉಪ್ಪಿನಕಾಯಿ ಭರಣಿ ಇಡೋಣ ಅಂದಳು ಅಜ್ಜಿ. ಅಪ್ಪ ಬೇಡ ಅಂದ. ನಾನು ಹುಟ್ಟಿದ ಮೇಲೆ ಅಪ್ಪ ಅಜ್ಜಿಗೆ ಬೇಡ ಅಂದಿದ್ದು ಅದೇ ಮೊದಲು. ಅಂಥ ಮನುಷ್ಯನ ಬಾಯಿಂದ ಆ ಮಾತು ಹೊರಡಿಸಿದ ಅಕ್ಕೋರು ಎಂಥವರು ಅಂತ ಬರೆಯಲೇಬೇಕು ಅನ್ನಿಸಿತು.

ಅಕ್ಕೋರು ಅಂದರೆ ಶಾಲೆಯ ಟೀಚರು. ನಾವು ಇರುವುದು ಮರಾಠಿ ಊರಿನಲ್ಲಾದರೂ ಮೂಲ ಧಾರವಾಡದವರು, ಆ ಕಡೆ ಹಾಗೇ ಕರೆಯುವುದು. ಅವರಿಗೂ ಒಂದು ಹೆಸರಿತ್ತು. ನಾವು ಯಾರೂ ಅದನ್ನು ಬಳಸಿ ಸವೆಸಲಿಲ್ಲ. ನಮ್ಮ ಮಾಳಿಗೆಯ ಹಿಂದಿನ ಖೋಲಿಯಲ್ಲಿ ಒಬ್ಬರೇ ಇದ್ದರು. ಹಣೆಯಲ್ಲಿ ಕುಂಕುಮವಿತ್ತು, ಮನೆಯಲ್ಲಿ ಗಂಡ ಇರಲಿಲ್ಲ. ಆಳು ಎಷ್ಟು ಸಣ್ಣವರೆಂದರೆ, ಗಾಳಿಗೆ ಹಾರಿಹೋಗದಿರಲಿ ಅಂತಲೇ ಪುಸ್ತಕದ ಚೀಲ ಹೊರುತ್ತಾರೆ ಅಂತ ನಾನು ಇಡೀ ಪೇಠೆಗೆ ಸಾರಿದ್ದೆ. ಅದು ಅವರ ಕಿವಿಗೂ ಬಿತ್ತು. ಮರುದಿನ ಮೆಟ್ಟಿಲ ಮೇಲೆ ಎದುರಾದಾಗ ಆ ಚೀಲ ನನ್ನ ಕೈಗೆ ಕೊಟ್ಟು, "ಹಿಡೀ, ಶಾಣ್ಯಾಕಿ. ನಿನ್ನ ನಾಲಗಿನೂ ಭಾಳ ಹಾರಾಡ್ಲಿಕತ್ತದ" ಅಂದರು. ಅವತ್ತಿನಿಂದ ನನ್ನ ಹೆಸರು ಶಾಣ್ಯಾಕಿ. ಜಾಣೆ ಅಂತ ಅರ್ಥ. ಅವರು ಹೇಳುವಾಗ ಮಾತ್ರ ಆ ಅರ್ಥ ಇರುತ್ತಿರಲಿಲ್ಲ.

ಅವರಿಗೊಂದು ಚಾಳಿ ಇತ್ತು. ಎದುರಿಗೆ ಬಂದದ್ದನ್ನೆಲ್ಲ ಬೆರಳ ಗೆಣ್ಣಿನಿಂದ ಟಕ್ ಅಂತ ಬಡಿದು, ಕಿವಿಗೊಟ್ಟು ಕೇಳುವುದು. ಕೊಳ್ಳುವ ಮಡಕೆ, ಕಲ್ಲಂಗಡಿ, ಬಾಗಿಲು, ಲೆಕ್ಕ ತಪ್ಪಿದ ಹುಡುಗರ ತಲೆ. ನನ್ನ ತಲೆಗೂ ಒಮ್ಮೆ ಬಡಿದು, "ಒಳಗ ಜಾಗಾ ಭಾಳ ಅದ" ಅಂತ ಸಮಾಧಾನ ಹೇಳಿದ್ದರು.

ಸೈಕಲ್ಲಿನ ಕತೆ ಶುರುವಾದದ್ದು ಒಂದು ಬೇಸಗೆಯಲ್ಲಿ. ಅಕ್ಕೋರು ಪಾಠ ಹೇಳುತ್ತಿದ್ದ ಕನ್ನಡ ವರ್ಗ ನಮ್ಮ ಓಣಿಯ ಹತ್ತಿರವೇ ಇತ್ತು. ಅದನ್ನು ಮುಚ್ಚಿ, ಅವರನ್ನು ದೂರದ ಕ್ಯಾಂಪಿನ, ಅಂದರೆ ದಂಡು ಇರುವ ಕಡೆಯ, ಶಾಲೆಗೆ ಹಾಕಿದರು. ನೌಕರಿ ಕಾಯಂ ಅಲ್ಲ. ಅಲ್ಲಿಯ ಹಿಂದಿನ ಅಕ್ಕೋರು ಮಳೆ ಬಂದ ದಿನಗಳಲ್ಲೆಲ್ಲ ತಡವಾಗಿ ಬಂದು, ಅರ್ಧ ಮಕ್ಕಳು ಶಾಲೆ ಬಿಟ್ಟಿದ್ದವಂತೆ. ಅದಕ್ಕೇ ಕಮಿಟಿಯ ಸೆಕ್ರೆಟರಿ ಕಡ್ಡಿ ಮುರಿದ ಹಾಗೆ ಹೇಳಿದ್ದರು: ಈ ಮಳೆಗಾಲ ಪೂರ್ತಿ ಗಂಟೆಗೆ ಸರಿಯಾಗಿ ಬಂದರೆ ಕಾಯಂ, ಇಲ್ಲದಿದ್ದರೆ ದಸರೆಗೆ ಬೇರೆಯವರು.

ನಡೆದು ಹೋದರೆ ಒದ್ದೆ, ಹೊತ್ತೂ ಮೀರುತ್ತದೆ. ಟಾಂಗಾದವನು ನಾಲ್ಕು ಸವಾರಿ ತುಂಬುವವರೆಗೆ ಕುದುರೆಗೆ ಪುರಾಣ ಹೇಳುತ್ತಾ ಕೂರುತ್ತಾನೆ. ನೌಕರಿ ಹೋದರೆ ಅಕ್ಕೋರಿಗೆ ಉಳಿದದ್ದು ಗದಗಿನಲ್ಲಿರುವ ಅಣ್ಣನ ಮನೆಯ ಅಡಿಗೆ ಒಲೆ.

"ಅಣ್ಣನ ಮನಿ ಅಂದ್ರ ತವರಮನೀನಽ ಅಲ್ಲೇನವಾ, ಅದರಾಗೇನು?" ಅಂದಳು ಅಜ್ಜಿ.

"ಊಟಾ ಹಾಕ್ತಾರ್ರೀ, ಇಲ್ಲ ಅನ್ನಂಗಿಲ್ಲ. ಯಾವಾಗ ಹಾಕ್ತಾರ ಅಂತ ಬಾಗಲಾಗ ನಿಂತು ಮಾರಿ ನೋಡಬೇಕಷ್ಟ" ಅಂದರು ಅಕ್ಕೋರು. ಆಮೇಲೆ ನನ್ನ ಕಡೆ ತಿರುಗಿ, "ಏ ಶಾಣ್ಯಾಕಿ, ನಿನಗ ಸೈಕಲ್ಲ ಹೊಡೀಲಿಕ್ಕೆ ಬರತದಲ್ಲಾ? ನನಗ ಕಲಸು."

ಬರುತ್ತಿತ್ತು. ನಮ್ಮಣ್ಣನ ಸೈಕಲ್ಲಿನ ಮೇಲೆ ಕದ್ದು ಕಲಿತಿದ್ದೆ. ಮರುದಿನ ಬೆಳಿಗ್ಗೆಯೇ ಒಂದು ಬಾಡಿಗೆ ಸೈಕಲ್ಲು ಹಿಡಿದು ನದಿ ದಂಡೆಯ ಬಯಲಿಗೆ ಹೋದೆವು. ಅಕ್ಕೋರು ಬಿದ್ದರು. ಎದ್ದು ಸೀರೆ ಜಾಡಿಸಿ, "ತಿಳೀತು" ಅಂದರು. ಮತ್ತೆ ಬಿದ್ದರು. "ಇದೂ ತಿಳೀತು." ಹೀಗೆ ಅವರು ಜ್ಞಾನ ಸಂಪಾದಿಸುತ್ತಾ ಸಂಪಾದಿಸುತ್ತಾ ಬಯಲಿನ ಒಂದು ತುದಿಯಿಂದ ಇನ್ನೊಂದು ತುದಿ ಮುಟ್ಟಿದರು. ಅಲ್ಲಿ ಮೇಯುತ್ತಿದ್ದ ಎಮ್ಮೆಗಳು ನಾಲ್ಕೈದು ದಿನ ಹಾಲು ಕೊಡಲಿಲ್ಲ ಅಂತ ನಾನು ಹೇಳುತ್ತೇನೆ. ಯಾರೂ ನಂಬುವುದಿಲ್ಲ, ಆದರೆ ಎಲ್ಲರೂ ಮತ್ತೊಮ್ಮೆ ಹೇಳು ಅನ್ನುತ್ತಾರೆ.

ಕಲಿತದ್ದಾಯಿತು. ಯಾವ ಸೈಕಲ್ಲು ಕೊಳ್ಳುವುದು? ಇಡೀ ವಾಡೆ ಹುಡುಗಿಗೆ ಗಂಡು ಹುಡುಕುವ ಉಮೇದಿನಲ್ಲಿ ಎದ್ದು ನಿಂತಿತು. ಅಪ್ಪ ಮಿಲಿಟರಿ ಲೆಕ್ಕದ ಕಚೇರಿಯ ಕಾರಕೂನ. ವಿಲಾಯ್ತಿಯಿಂದ ಬಂದದ್ದು ಅಂದರೆ ಗುಂಡುಸೂಜಿಗೂ ನಮಸ್ಕಾರ ಮಾಡುವವನು. "ವಿಲಾಯ್ತೀದು ತಗೋರಿ ಅಕ್ಕೋರ, ಅದು ಖಾನದಾನಿ" ಅಂದ. ಹೊಸ ವಿಲಾಯ್ತಿ ಸೈಕಲ್ಲು ಅಕ್ಕೋರ ಕೈಗೆ ಎಟುಕುವ ಹಾಗಿರಲಿಲ್ಲ. ನಮ್ಮಣ್ಣ ಜಪಾನಿ ಸೈಕಲ್ಲು ಅಂದ. ಸೋವಿ, ಮೇಲಾಗಿ ನೋಡಲಿಕ್ಕೆ ಬೆಳ್ಳಿ ತಾಟಿನ ಹಾಗೆ. ಅಜ್ಜಿ ಮಾತ್ರ ಯಾವುದಾದರೂ ತರಲಿ, ಮೊದಲು ಮಂಗಳವಾರ ಅಲ್ಲದ ದಿನ ನೋಡಲಿ ಅಂದಳು.

ಅಕ್ಕೋರು ಎಲ್ಲರಿಗೂ ಹೂಂ ಅಂದು, ಅಂಗಡಿಗೆ ಹೋಗಲೇ ಇಲ್ಲ. ಹೋದದ್ದು ಕಾಯಿಪಲ್ಲೆ ಮಂಡಿಗೆ. ಅಲ್ಲಿ ಗೋಡೆಗೆ ಒರಗಿಸಿದ ಹಳೇ ಸೈಕಲ್ಲುಗಳ ಮುಂದೆ ನಿಂತು ಒಂದೊಂದನ್ನೇ ಟಕ್ ಅಂತ ಬಡಿಯುವರು. ಯಜಮಾನ ಬಂದರೆ ಒಂದೇ ಪ್ರಶ್ನೆ, ಮರಾಠಿಯಲ್ಲಿ: ಇದು ಎಷ್ಟು ಮಳೆಗಾಲ ಉಂಡಿದೆ? ಒಬ್ಬ ಬದನೆಕಾಯಿ ಮಾರುವವನು ಇವರು ಮ್ಯುನಿಸಿಪಾಲಿಟಿಯವರು, ದೀಪ ಇಲ್ಲದ್ದಕ್ಕೆ ದಂಡ ಹಾಕಲು ಬಂದಿದ್ದಾರೆ ಅಂತ ತಿಳಿದು ಸೈಕಲ್ಲು ಬಿಟ್ಟು ಓಡಿದ. ಅವನು ಓಡಿದ್ದು ಮಂಡಿಯ ಮೂಲೆಯವರೆಗೆ. ನಾನು ಹೇಳುವಾಗ ಊರಾಚೆಯ ಹಡಪಸರದವರೆಗೆ ಓಡುತ್ತಾನೆ.

"ಅಕ್ಕೋರ, ಅಂಗಡಿಯೊಳಗ ಹೊಸಾವು ಸಾಲಾಗಿ ನಿಂತಾವ. ಈ ಹಳೇ ಡಬ್ಬಿ ಯಾಕ ನೋಡ್ತೀರಿ?" ಅಂತ ಕೇಳಿದೆ. ಜನ ನೋಡುತ್ತಿದ್ದರು, ನನಗೆ ನಾಚಿಕೆ.

"ಹೊಸಾದನ್ನ ನೋಡಿದ್ರ ಏನ ತಿಳೀತದ? ಹೊಸಾದು ಎಲ್ಲಾನೂ ಚಲೋನಽ ಇರತದ. ಮೂರ ವರ್ಷ ಬಾಳ್ವಿ ಮಾಡಿದವರನ್ನ ಕೇಳಬೇಕು."

ಕಾಲೇಜಿನ ಹುಡುಗನೊಬ್ಬ ಜಪಾನಿ ಸೈಕಲ್ಲು ಹಿಡಿದು ನಿಂತಿದ್ದ. ಮೊದಲ ಮಳೆಗಾಲ ಚೆನ್ನಾಗಿತ್ತಂತೆ. ಎರಡನೆಯದರಲ್ಲಿ ಗಾಲಿಯ ಕಡ್ಡಿಗಳು ಜಂಗು ಹಿಡಿದು ಒಂದೊಂದಾಗಿ ಕೈಕೊಟ್ಟವಂತೆ. ಮೂರನೆಯದರಲ್ಲಿ? "ಮೂರನೆಯದು ಬರುವುದರೊಳಗೆ ಮಾರಬೇಕು, ನಿಮಗೆ ಬೇಕಾ?" ಅಂತ ಬಹಳ ಆಸೆಯಿಂದ ಕೇಳಿದ. ಹೀಗೆ ಕೇಳಿ ಕೇಳಿ ಅಕ್ಕೋರು ತಮಗೆ ಬೇಕಾದದ್ದನ್ನು ಗಟ್ಟಿ ಮಾಡಿಕೊಂಡರು. ಸರಪಳಿ ಬಯಲಿಗೇ ಇರಬೇಕು, ಕೆಸರು ಕೂತರೆ ಕೈಯಿಂದ ಒರೆಸಲು ಬರಬೇಕು. ಟೈರು ದಪ್ಪ ಇರಬೇಕು. ಕೆಟ್ಟರೆ ಯಾವ ಓಣಿಯಲ್ಲಿ ಕೆಟ್ಟಿತೋ ಅದೇ ಓಣಿಯಲ್ಲಿ ರಿಪೇರಿ ಆಗಬೇಕು.

ಅಷ್ಟರಲ್ಲಿ ಒಂದು ಸಂಜೆ ಅಪ್ಪ ಕಚೇರಿಯಿಂದ ಸೈಕಲ್ಲು ತಳ್ಳಿಕೊಂಡು ಬಂದ. ವಿಲಾಯ್ತಿಗೆ ವಾಪಸು ಹೊರಟಿದ್ದ ಒಬ್ಬ ಬಿಳಿ ಸಾಹೇಬನ ಹೆಂಡತಿಯದು. ಅಪ್ಪ ಮಾತಾಡಿ ಸೋವಿಯಲ್ಲಿ ಗಿಟ್ಟಿಸಿದ್ದ. ತಿಳಿ ಹಸಿರು ಬಣ್ಣ, ನಡುವೆ ದಂಡಿ ಇಲ್ಲದ ಹೆಂಗಸರ ಸೈಕಲ್ಲು. ಆ ಮಡಮ್ಮನ ಲಂಗ ಸಿಗದ ಹಾಗೆ ಹಿಂದಿನ ಗಾಲಿಗೆ ಬಲೆ, ಸರಪಳಿಗೆ ಪೂರ್ತಿ ಮುಚ್ಚಿದ ಪೆಟ್ಟಿಗೆ. ಗಂಟೆಯ ದನಿ ಎಷ್ಟು ಇಂಪಾಗಿತ್ತೆಂದರೆ ಕೆಳಗಿನ ಮನೆಯವರು ಪೂಜೆ ಶುರುವಾಯಿತು ಅಂತ ಕೈಮುಗಿದುಕೊಂಡು ಬಂದರು. ಇಡೀ ವಾಡೆ ಅಂಗಳದಲ್ಲಿ ನೆರೆಯಿತು. ಅಜ್ಜಿ ಹ್ಯಾಂಡಲ್ಲಿಗೆ ಅರಿಶಿನ ಕುಂಕುಮವನ್ನೂ ಹಚ್ಚಿಬಿಟ್ಟಳು.

ಅಕ್ಕೋರು ಇಳಿದು ಬಂದರು. ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಸರಪಳಿಯ ಪೆಟ್ಟಿಗೆಯ ಮೇಲೆ ಟಕ್ ಅಂದರು.

"ರಾಯರ, ಭಾಳ ಚೆಂದ ಅದ. ಎಷ್ಟ ಮಳಿಗಾಲ ಉಂಡದ?"

"ಒಂದೂ ಇಲ್ಲರಿ!" ಅಪ್ಪ ಮೀಸೆ ತಿರುವಿದ. "ಮಳಿಯೊಳಗ ಒಂದ ದಿನಾನೂ ಹೊರಗ ತಗದಿಲ್ಲಂತ ಆಕಿ. ಹೆಂಗ ಇಟ್ಟಾಳ ನೋಡ್ರಿ, ಮದುಮಗ ಇದ್ದಂಗ ಅದ!"

"ಹಂಗಿದ್ರ ಇದರ ಗುಣಾ ಇನ್ನಾ ಯಾರಿಗೂ ಗೊತ್ತಿಲ್ಲ ಅಂದಂಗಾತು" ಅಂದರು ಅಕ್ಕೋರು. "ನನಗ ಬ್ಯಾಡರಿ."

ಬಾಡಿಗೆಗೆ ಇರುವ ಒಂಟಿ ಹೆಂಗಸು ಮನೆ ಯಜಮಾನನಿಗೆ ಎಲ್ಲರ ಮುಂದೆ ಬೇಡ ಅಂದಿದ್ದಳು. ಅಪ್ಪನ ಮುಖ ಸಪ್ಪಗಾಯಿತು. "ಅಲ್ಲರಿ ಅಕ್ಕೋರ, ನಿಮ್ಮ ಒಳ್ಳೇದಕ್ಕಂತಽ ನಾ ಎಷ್ಟ ಓಡ್ಯಾಡಿ..."

"ಗೊತ್ತದರಿ ರಾಯರ. ಸುಳ್ಳ ಅನ್ನಂಗಿಲ್ಲ." ದನಿ ಮೆತ್ತಗೇ ಇತ್ತು. "ಹಿಂದಕೂ ಒಮ್ಮೆ ಮಂದಿ ಕೂಡಿ ನನ್ನ ಒಳ್ಳೇದಕ್ಕಂತಽ ಆರಿಸಿ ಕೊಟ್ಟಿದ್ರು. ಆತನೂ ಹಿಂಗಽ ಚೆಂದಿದ್ದ. ಎಲ್ಲಾರೂ ನೋಡಿ ಹೌದ ಹೌದ ಅಂದ್ರು. ನಾ ಒಬ್ಬಾಕಿ ನೋಡಿರಲಿಲ್ಲ. ಮೊದಲನೇ ಮಳೀಗೇ ಬಿಟ್ಟ ಹೋದ."

ತಮ್ಮ ಗಂಡನ ವಿಷಯ ಅವರು ಆಡಿದ್ದು ಅಷ್ಟೇ. ಆಮೇಲೂ ಎಂದೂ ಆಡಲಿಲ್ಲ. ಅಜ್ಜಿ ಸೆರಗಿನಿಂದ ಹ್ಯಾಂಡಲ್ಲಿನ ಕುಂಕುಮ ಒರೆಸಿದಳು. ಅಪ್ಪ ಬಹಳ ದಿನ ಅಕ್ಕೋರ ಜೊತೆ ಮಾತಾಡಲಿಲ್ಲ. ಹಸಿರು ಸೈಕಲ್ಲು ನನಗೆ ಬಂತು. ಆದ್ದರಿಂದ ಆ ದಿನ ಇಡೀ ವಾಡೆಯಲ್ಲಿ ಖುಷಿಯಾಗಿದ್ದವಳು ನಾನೊಬ್ಬಳೇ.

ಅಕ್ಕೋರ ಸೈಕಲ್ಲು ಕೊನೆಗೆ ಸಿಕ್ಕಿದ್ದು ನಮ್ಮ ಬಾಗಿಲಲ್ಲೇ. ದಿನಾ ಹಾಲು ತರುವ ಗೌಳಿ ಅವತ್ತು, ಇನ್ನು ಮೇಲೆ ತಮ್ಮ ಬರುತ್ತಾನೆ, ಟಾಂಗಾದಲ್ಲಿ ಬರುತ್ತಾನೆ ಅಂದ. ಸೈಕಲ್ಲು ಮಾರುವುದಂತೆ. ಅಕ್ಕೋರು ತಪೇಲಿ ಕೆಳಗಿಟ್ಟರು. ಕರಿ ಬಣ್ಣ, ಅಲ್ಲಲ್ಲಿ ಬಣ್ಣವೂ ಇಲ್ಲ. ಎರಡು ಹಾಲಿನ ಕೊಡ ತೂಗುವ ಕಬ್ಬಿಣದ ಕ್ಯಾರಿಯರು, ನಡುವೆ ಒನಕೆಯಂಥ ದಂಡಿ. ತೂಕ ಎಷ್ಟೆಂದರೆ ಅದರ ಮುಂದೆ ನಮ್ಮೂರ ಶನಿವಾರವಾಡೆಯ ಕೋಟೆ ಬಾಗಿಲು ಹಗುರ. ಟಕ್ ಅಂತ ಬಡಿದು ಅಕ್ಕೋರು ತಮ್ಮ ಪ್ರಶ್ನೆ ಕೇಳಿದರು. ಎಷ್ಟು ಮಳೆಗಾಲ ಅನ್ನುವುದು ಗೌಳಿಗೂ ನೆನಪಿರಲಿಲ್ಲ; ಮಗಳು ಹುಟ್ಟುವ ಮೊದಲು ಕೊಂಡದ್ದು, ಈಗ ಮಗಳ ಮದುವೆ ಆಗಿದೆ ಅಂದ.

ಮಾತು ಬಿಟ್ಟಿದ್ದ ಅಪ್ಪ ಪಡಸಾಲೆಯಿಂದ ಗೋಡೆಗೆ ಹೇಳಿದ: "ಅಷ್ಟ ಚಲೋ ಇದ್ರ ಮಾರತಾನ್ಯಾಕ ಅಂತ ಕೇಳ್ರಿ ಯಾರರೆ."

ಗೌಳಿ ನಕ್ಕ. "ಮಾಝೇ ಗುಡಘೇ ಗೇಲೇ ರಾವಸಾಹೇಬ್, ಸಾಯ್ಕಲ್ ನಾಹೀ ಗೇಲೀ." ಹೋದದ್ದು ನನ್ನ ಮೊಣಕಾಲು, ಸೈಕಲ್ಲು ಹೋಗಿಲ್ಲ ಅಂತ.

ಸಂಜೆಯೊಳಗೆ ಸೈಕಲ್ಲು ಗೋಡೆಗೆ ಒರಗಿತು. ಗೆರೆಯ ಮೊದಲ ಮಸಿ ಬಿದ್ದದ್ದು ಅವತ್ತೇ.

ಮರುದಿನ ಬೆಳಿಗ್ಗೆ ಅಜ್ಜಿ ಬಾಗಿಲಿಗೆ ಅಡ್ಡ ನಿಂತಳು. "ಗಂಡಸರ ಸೈಕಲ್ಲ ಅದು, ನಡುವ ದಂಡಿ ಅದ. ಕಾಲ ಎತ್ತಿ ಹತ್ತತೀಯೇನು ಓಣ್ಯಾಗ? ಮಂದಿ ಏನಂದಾರು!"

"ಅಜ್ಜೀ, ದಂಡಿ ಇಲ್ಲದ ಸೈಕಲ್ಲ ಮಾಡಿದ್ದು ಲಂಗಾ ಹಾಕ್ಕೋಳೋ ಮಡಮ್ಮಗ. ನನಗ್ಯಾಕ?" ಅಕ್ಕೋರು ತಮ್ಮ ಇಲಕಲ್ಲ ಸೀರೆಯ ಕಚ್ಚೆ ಇನ್ನಷ್ಟು ಬಿಗಿ ಮಾಡಿದರು. "ಇದನ್ನ ಉಟ್ಟು ನಮ್ಮ ಕಡೆ ಹೆಣ್ಣಮಕ್ಕಳು ಕುದರೀನಽ ಹತ್ಯಾರ. ಇದಂತೂ ಹುಲ್ಲ ಬೇಡಂಗಿಲ್ಲ, ಲದ್ದಿ ಹಾಕಂಗಿಲ್ಲ." ಕಾಲು ಬೀಸಿ ಹತ್ತಿ ಹೋಗೇಬಿಟ್ಟರು. ಅಜ್ಜಿ ಬಹಳ ಹೊತ್ತು ತನ್ನ ಕಚ್ಚೆಯನ್ನೇ ನೋಡಿಕೊಳ್ಳುತ್ತಾ ನಿಂತಿದ್ದಳು.

ಮಳೆಗಾಲ ಬಂತು. ಬಂದದ್ದು ಹೋಗಲಿಲ್ಲ. ಅಕ್ಕೋರು ತಲೆಗೆ ಕಂಬಳಿಯ ಕೊಪ್ಪೆ ಹಾಕಿಕೊಂಡು, ಪುಸ್ತಕಗಳನ್ನು ಮೇಣಬಟ್ಟೆಯಲ್ಲಿ ಸುತ್ತಿ, ಹಾಲಿನ ಕ್ಯಾರಿಯರಿಗೆ ಬಿಗಿದು ಹೊರಡುವರು. ಸಂಜೆ ಬಂದವರೇ ಮೊದಲು ಸೈಕಲ್ಲು ಒರೆಸುವರು, ಆಮೇಲೆ ತಮ್ಮ ತಲೆ. ಇತ್ತ ನನ್ನ ಹಸಿರು ಸೈಕಲ್ಲು ಹೊರಗೆ ಥಳಥಳ. ಅದರ ಪೆಟ್ಟಿಗೆಯ ಒಳಗೆ ಏನು ನಡೆಯುತ್ತಿದೆ ಅಂತ ನಾನು ನೋಡಲಿಲ್ಲ, ನೋಡಲು ಬರುತ್ತಲೂ ಇರಲಿಲ್ಲ.

ಒಂದು ದಿನ ಮಳೆ ಆಕಾಶಕ್ಕೆ ತೂತು ಬಿದ್ದ ಹಾಗೆ ಸುರಿಯಿತು. ನದಿ ದಂಡೆಯ ರಸ್ತೆ ಯಾವುದು, ನದಿ ಯಾವುದು ತಿಳಿಯುತ್ತಿರಲಿಲ್ಲ. ಅಂಥ ದಿನವೇ ಸೆಕ್ರೆಟರಿ ಶಾಲೆಗೆ ಬಂದು ನೋಡುತ್ತಾರೆ ಅಂತ ಹಿಂದಿನ ಸಂಜೆ ಸುದ್ದಿ ಬಂದಿತ್ತು. ಅಕ್ಕೋರು ಹೊರಟರು. ನನ್ನ ಶಾಲೆಗೂ ಸ್ವಲ್ಪ ದೂರ ಅದೇ ದಾರಿ. ನಾನು ಗಂಟೆ ಬಾರಿಸುತ್ತಾ ಅವರನ್ನು ಹಿಂದೆ ಹಾಕಿ, ತಿರುಗಿ ನೋಡಿ ನಕ್ಕು ಮುಂದೆ ಹೋದೆ. ಇಳಿಜಾರಿನ ಕೆಳಗೆ, ಎಲ್ಲಕ್ಕಿಂತ ಹೆಚ್ಚು ಕೆಸರಿದ್ದಲ್ಲಿ, ಪೆಟ್ಟಿಗೆಯೊಳಗೆ ಕರಕ್ ಅಂತ ಏನೋ ಆಯಿತು. ಗಾಲಿ ಹಿಡಿದುಕೊಂಡಿತು. ನಾನು ಕೆಸರಿನಲ್ಲಿ, ಸೈಕಲ್ಲು ನನ್ನ ಮೇಲೆ.

ಹಿಂದಿನಿಂದ ಕರಿ ಸೈಕಲ್ಲು ಎಮ್ಮೆಯ ಹಾಗೆ ನಿಧಾನವಾಗಿ ನೀರು ಸೀಳಿಕೊಂಡು ಬಂತು.

"ಅಕ್ಕೋರ! ನಿಲ್ಲರಿ! ಗಾಲಿ ತಿರುಗವಲ್ದು!"

ಅವರು ಒಂದು ಕಾಲು ಊರಿ ನಿಂತರು. ನನ್ನನ್ನು ನೋಡಿದರು, ಪೆಟ್ಟಿಗೆ ನೋಡಿದರು, ಮುಂದಿನ ರಸ್ತೆ ನೋಡಿದರು. "ಪೆಟ್ಟ ಹತ್ಯದೇನು?"

"ಇಲ್ಲರಿ."

"ಎದ್ದ ನಿಲ್ಲು, ನೋಡೋಣು." ನಿಂತೆ. "ಚಲೋ ಆತು. ಹಿಂದಿನ ಗಾಲಿ ಎತ್ತಿ ಹಿಡದು ಮನೀತನಾ ನೂಕ್ಕೊಂಡು ಹೋಗು, ಶಾಣ್ಯಾಕಿ. ಅಲ್ಲೆ ನನ್ನ ಹುಡುಗೂರು ಬಾಗಲಾಗ ತೋಯ್ಸಿಕೋತ ನಿಂತಿರತಾವ." ಹೇಳಿ ಹೋದರು. ತಿರುಗಿಯೂ ನೋಡಲಿಲ್ಲ.

ಅವರ ಬೆನ್ನು ಮಳೆಯಲ್ಲಿ ಕರಗುವವರೆಗೆ ನಾನು ಬೈಯುತ್ತಾ ನಿಂತಿದ್ದೆ. ಸೈಕಲ್ಲು ಎತ್ತಿಕೊಂಡು ಮನೆ ಸೇರುವ ತನಕ ದಾರಿಯುದ್ದಕ್ಕೂ ಬೈದೆ. ಆದರೆ ಬೈಗುಳ ಮನೆಯ ಹತ್ತಿರ ಬರುವಷ್ಟರಲ್ಲಿ ಮುಗಿದಿತ್ತು. ನನಗೆ ಮೈ ಮಾತ್ರ ಒದ್ದೆಯಾಗಿತ್ತು. ಅವರು ಅಲ್ಲಿ ನನ್ನ ಸರಪಳಿಗೆ ಕೈಹಾಕಿದ್ದರೆ ಗದಗಿನ ಬಾಗಿಲಲ್ಲಿ ನಿಂತು ಮುಖ ನೋಡುವುದು ಅವರ ಪಾಲಿಗೆ ಬರುತ್ತಿತ್ತು. ಹಾಗೆ ನಿಂತು ನನಗೆ ಉಪಕಾರ ಮಾಡಿದ್ದರೆ ಇಡೀ ವಾಡೆ ಅವರನ್ನು ಹೊಗಳುತ್ತಿತ್ತು. ಹೊಗಳಿ, ಗದಗಿನ ಗಾಡಿ ಹತ್ತಿಸಿ ಬರುತ್ತಿತ್ತು.

ಅವತ್ತಿನ ಮುಂದಿನ ಸಂಗತಿ ಅಪ್ಪನಿಗೆ ಸೆಕ್ರೆಟರಿಯೇ ಹೇಳಿದ್ದು. ಅವರು ಟಾಂಗಾದಲ್ಲಿ ಬಂದು ಕೊಡೆ ಮಡಚುವಷ್ಟರಲ್ಲಿ ವರ್ಗದಲ್ಲಿ ಮಗ್ಗಿ ಶುರುವಾಗಿತ್ತಂತೆ. ಅಕ್ಕೋರ ಸೀರೆಯಿಂದ ಸೋರಿದ ನೀರು ಹೊಸ್ತಿಲು ದಾಟಿ ಹರಿಯುತ್ತಿತ್ತಂತೆ. ನಾನು ಹೇಳುವಾಗ ಆ ನೀರಿನಲ್ಲಿ ಹಿಂದಿನ ಬೆಂಚಿನ ಹುಡುಗರು ಕಾಗದದ ದೋಣಿ ಬಿಡುತ್ತಾರೆ.

ಆ ಸಂಜೆ ಅಕ್ಕೋರು ಬಾಗಿಲಲ್ಲಿ ಕೂತು ಸರಪಳಿ ಒರೆಸುತ್ತಿದ್ದರು. ಅಪ್ಪ ಒಳಗಿನಿಂದ ಎಣ್ಣೆಯ ಡಬ್ಬಿ ತಂದು ಪಕ್ಕದಲ್ಲಿ ನಿಂತ. "ಸರಪಳಿಗೆ ಒಂದೀಟ ಎಣ್ಣಿ ಬಿಡಲೇನ್ರಿ ಅಕ್ಕೋರ?" ಅಂದ.

"ಬಿಡ್ರಿ ರಾಯರ. ಭಾಳ ಬ್ಯಾಡ, ಧೂಳ ಹಿಡೀತದ."

ಅಪ್ಪ ಹನಿ ಹನಿಯಾಗಿ ಬಿಟ್ಟ. ಅಕ್ಕೋರು ಪೆಡಲು ತಿರುಗಿಸಿದರು. ದಸರೆಗೆ ನೌಕರಿ ಕಾಯಂ ಆಯಿತು. ಎರಡು ಮಳೆಗಾಲ ಕಳೆದು, ಈಗ ಸೊಲ್ಲಾಪುರದ ಶಾಲೆಗೆ ದೊಡ್ಡ ಅಕ್ಕೋರಾಗಿ ಹೋಗಿದ್ದಾರೆ. ಸ್ಟೇಷನ್ನಿನಲ್ಲಿ ಆ ಸೈಕಲ್ಲನ್ನು ಹಮಾಲ ಒಬ್ಬನಿಂದ ಎತ್ತಲಾಗಲಿಲ್ಲ. ಸೊಲ್ಲಾಪುರ ಗಾಡಿ ಅವತ್ತು ತಡವಾದದ್ದು ಅದರ ತೂಕಕ್ಕೇ. ಕಿಟಕಿಯಿಂದ ಕೈ ಚಾಚಿ ಅಕ್ಕೋರು ನನ್ನ ತಲೆಗೆ ಟಕ್ ಅಂತ ಬಡಿದರು, ಕಿವಿಗೊಟ್ಟು ಕೇಳಿದರು. ಏನು ಕೇಳಿಸಿತೋ ಹೇಳಲಿಲ್ಲ.

ಮೊನ್ನೆ ಭಾನುವಾರ ನಮ್ಮ ಮನೆಗೆ ಬೆಳಗಾವಿಯವರು ಬಂದಿದ್ದರು, ಹಿರೇ ಸೊಸೆಯೊಬ್ಬಳನ್ನು ಬಿಟ್ಟು ಮನೆಮಂದಿಯೆಲ್ಲ, ನನ್ನನ್ನು ನೋಡಲು. ಹುಡುಗ ವಕೀಲಿ ಓದುತ್ತಿದ್ದಾನೆ. ಬೆಳ್ಳಗೆ, ಎತ್ತರ, ಕೂದಲಿಗೆ ಎಣ್ಣೆ ಹಚ್ಚಿ ಎಷ್ಟು ಒಪ್ಪವಾಗಿ ಬಾಚಿದ್ದನೆಂದರೆ ಅಜ್ಜಿ ಅದರಲ್ಲೇ ಮುಖ ನೋಡಿಕೊಂಡಳು. ಅಪ್ಪ ಹಿಂದಿನ ರಾತ್ರಿಯಿಂದಲೇ "ಖಾನದಾನಿ ಮನಿ" ಅಂತ ಹಾಡಿದ್ದೇ ಹಾಡಿದ್ದು. ಉಪ್ಪಿಟ್ಟು ಆಯಿತು, ಚಹಾ ಆಯಿತು, ನಾನು ಒಂದು ದೇವರ ಹಾಡೂ ಹೇಳಿದ್ದಾಯಿತು. ಆಮೇಲೆ ಹುಡುಗನ ತಾಯಿ ಪದ್ಧತಿಯಂತೆ, "ನಿಂದೇನರೆ ಕೇಳೂದದ ಏನವಾ?" ಅಂದರು. ಹುಡುಗಿ ತಲೆ ತಗ್ಗಿಸಿ ಇಲ್ಲ ಅನ್ನಬೇಕು. ನಾನೂ ತಗ್ಗಿಸಿದೆ. ಎದೆ ಹೊಡೆದುಕೊಳ್ಳುತ್ತಿತ್ತು, ಪಡಸಾಲೆಯ ಕಂಬಗಳೆಲ್ಲ ಅಲುಗಿದವು ಅಂತ ಮುಂದೆಂದಾದರೂ ಹೇಳುತ್ತೇನೆ.

"ನಿಮ್ಮ ಹಿರೇ ಸೊಸೀನ್ನ ಕರಕೊಂಡ ಬಂದಿಲ್ಲಲ್ರೀ" ಅಂದೆ. "ಅವರನ್ನ ಒಮ್ಮೆ ಭೆಟ್ಟಿ ಆಗಬೇಕಿತ್ತು. ಅವರು ನಿಮ್ಮ ಮನ್ಯಾಗ ಎಷ್ಟ ಮಳಿಗಾಲ ಕಳದಾರ?"

ಹುಡುಗನ ತಾಯಿ, "ಆಕಿ ಯಾಕ? ಆಕೀದೇನ ಕೆಲಸಾ ಇಲ್ಲೆ?" ಅಂತ ಅಪ್ಪನ ಕಡೆ ನೋಡಿದರು. ಅಜ್ಜಿಯೂ ಅಪ್ಪನ ಕಡೆ ನೋಡಿದಳು. ನಾನು ಮಾತ್ರ ನೋಡಲಿಲ್ಲ, ಧೈರ್ಯ ಆಗಲಿಲ್ಲ.

ಅಪ್ಪ ಎದ್ದು ಬಾಗಿಲ ಕಡೆ ಹೋದ. ಗೋಡೆಯ ಮೇಲಿನ ಕರಿ ಗೆರೆಯ ಮುಂದೆ ನಮಗೆ ಬೆನ್ನು ಮಾಡಿ ನಿಂತ. ಆಮೇಲೆ ಬೆರಳ ಗೆಣ್ಣಿನಿಂದ ಗೋಡೆಗೆ ಟಕ್ ಅಂತ ಬಡಿದು, ಅವರ ಕಡೆ ತಿರುಗಿದ.

"ಹುಡುಗಿ ಕೇಳೂದು ಖರೇ ಅದರಿ" ಅಂದ. "ಮುಂದಿನ ಸಲಾ ಬರೂವಾಗ ಹಿರೇ ಸೊಸೀನ್ನ ಕರಕೊಂಡ ಬರ್ರಿ. ನಮಗೇನೂ ಅವಸರಿಲ್ಲ."